ಹಲ್ಲಿನಿಂದ ಕೇಳುತ್ತಿದ್ದ ದುಂಡಪ್ಪ ಮಿಸ್ತ್ರಿ

ದುಂಡಪ್ಪ ಮಿಸ್ತ್ರಿ ಲಾರಿಯ ಗೇರ್‌ಬಾಕ್ಸನ್ನು ಹಲ್ಲಿನಿಂದ ಕೇಳುತ್ತಿದ್ದರು. ಅವರ ಬಳಿ ಮೊಳದುದ್ದದ ಒಂದು ಜಾಲಿ ಕಟ್ಟಿಗೆಯ ಕೋಲಿತ್ತು. ಇಂಜಿನ್ ಚಾಲೂ ಇಡಿಸಿ, ಲಾರಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ಕೋಲಿನ ಒಂದು ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ನಟ್ಟು ಬಿಚ್ಚುವ ಪಾನಾದಿಂದ ಲಾರಿಯ ಚಾಸಿಗೆ ಒಂದು ಪೆಟ್ಟು ಕೊಟ್ಟರೆ ಮೇಲೆ ಕೂತ ಡ್ರೈವರ್ ಕ್ಲಚ್ ಒತ್ತಬೇಕು, ಎರಡು ಪೆಟ್ಟು ಕೊಟ್ಟರೆ ಬಿಡಬೇಕು. ಮೊದಲ ಸಲ ಅವರನ್ನು ಹಾಗೆ ಕಂಡಾಗ, ಯಾರಿಗೋ ಫಿಟ್ಸ್ ಬಂದಿದೆ, ಬಾಯಿಗೆ ಕಟ್ಟಿಗೆ ಕೊಟ್ಟಿದ್ದಾರೆ ಎಂದುಕೊಂಡು ನಾನು ನೀರಿನ ತಂಬಿಗೆ ಹಿಡಿದು ರಸ್ತೆ ದಾಟಿ ಓಡಿದ್ದೆ.

ಅವರು ಕಣ್ಣು ತೆರೆದು, ಕೋಲು ಬಾಯಿಂದ ತೆಗೆದು, ತಂಬಿಗೆ ನೋಡಿದರು. ಮೇಲಿನ ಡ್ರೈವರಿಗೆ ಹೇಳಿದರು: "ಒತ್ತಿದಾಗ ಕೂಗತೈತಿ, ಬಿಟ್ಟಾಗ ಸುಮ್ಮ ಆಗತೈತಿ. ಕ್ಲಚ್ಚಿನ ಬೇರಿಂಗ್ ಹೋಗೇತಿ. ಬಿಟ್ಟಾಗ ಕೂಗಿದ್ರ ಗೇರ್‌ಬಾಕ್ಸ್ ಬಿಚ್ಚಬೇಕಾಗತಿತ್ತು. ಪುಣ್ಯಾ ಮಾಡೀರಿ." ಆಮೇಲೆ ನನ್ನ ಕಡೆ ತಿರುಗಿ, "ನೀರ ಬ್ಯಾಡವ್ವಾ, ಚಹಾ ತಾ" ಅಂದರು. ನಮ್ಮ ಪರಿಚಯ ಹಾಗೆ ಆಯಿತು.

ಗಡಹಿಂಗ್ಲಜದಿಂದ ಆಜರಾ ಕಡೆಗೆ ಹೋಗುವ ರಸ್ತೆಯ ಈಚೆ ನನ್ನ ಚಹಾದ ಅಂಗಡಿ, ಆಚೆ ಅವರ ಗ್ಯಾರೇಜು. ನಾನು ಸಂಕೇಶ್ವರದ ಕಡೆಯವಳು, ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವಳು, ಲಾರಿ ಡ್ರೈವರ್ ಮಹಾದೇವನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಮಿಸ್ತ್ರಿಯನ್ನು ಕಾಕಾ ಅನ್ನುತ್ತಿದ್ದೆ. ಅವರಿಗೆ ನಾನು ಶಾಂತವ್ವ. ಹೆಸರು ದುಂಡಪ್ಪ ಎಂದಿದ್ದರೂ ಮೈಯಲ್ಲಿ ದುಂಡಗಿರುವುದು ಒಂದೂ ಇರಲಿಲ್ಲ. ಒಣಗಿದ ಮೈ, ಚೂಪು ಗದ್ದ, ಎಣ್ಣೆ ಹಿಡಿದ ಬಿಳಿ ಟೋಪಿ. ಗ್ಯಾರೇಜಿನ ಒಳಗೋಡೆಗೆ ಬುದ್ಧನ ಒಂದು ಫೋಟೊ, ಅದರ ಕೆಳಗೆ ಸಾಲಾಗಿ ಮೊಳೆ ಹೊಡೆದು ತೂಗು ಹಾಕಿದ ಚಪ್ಪಲಿಗಳು. ಎಲ್ಲ ಎಡಗಾಲಿನವು.

ಚಪ್ಪಲಿಯ ಕಥೆ ಇಷ್ಟು. ಮುರಗೂಡದ ಒಬ್ಬ ಡ್ರೈವರಿನ ಲಾರಿಗೆ ಒಂದೇ ಕಬ್ಬಿನ ಹಂಗಾಮಿನಲ್ಲಿ ಮೂರು ಕ್ಲಚ್ ಪ್ಲೇಟ್ ಹಾಳಾಗಿದ್ದವು. ಬೇರೆ ಮಿಸ್ತ್ರಿಗಳು ಪ್ಲೇಟ್ ಬದಲಿಸಿ ಬದಲಿಸಿ ಕಳಿಸಿದ್ದರು. ದುಂಡಪ್ಪ ಕಾಕಾ ಕೆಳಗೆ ಮಲಗಲೇ ಇಲ್ಲ. ಬಾಗಿಲು ತೆಗೆದು ಕ್ಲಚ್ ಪೆಡಲ್ಲಿನ ರಬ್ಬರ್ ನೋಡಿದರು, ಆ ಮನುಷ್ಯನ ಎಡಗಾಲಿನ ಚಪ್ಪಲಿ ತಿರುವಿ ಅಟ್ಟೆ ನೋಡಿದರು. ಎರಡೂ ಒಂದೇ ಜಾಗದಲ್ಲಿ ಸವೆದಿದ್ದವು. "ಗಾಡಿಗೆ ಏನೂ ಆಗಿಲ್ರಿ. ನೀವು ದಿನಾ ಇದರ ಮ್ಯಾಲ ಕಾಲ ಇಟಗೊಂಡ ಕುಂದರ್ತೀರಿ. ಪ್ಲೇಟ್ ಪೂರಾ ಹಿಡಿಯೂದೂ ಇಲ್ಲ, ಪೂರಾ ಬಿಡೂದೂ ಇಲ್ಲ, ನಡಬರಕ ಸುಡತೈತಿ" ಎಂದು ಆ ಚಪ್ಪಲಿಯನ್ನು ಮೊಳೆಗೆ ತೂಗು ಹಾಕಿದರು. "ಒಂದ ತಿಂಗಳ ಎಡಗಾಲ ಬರಿಗಾಲಿಟ್ಟ ಓಡಸ್ರಿ. ಪೆಡಲ್ ಬಿಸಿ ಹತ್ತಿದ್ರ ಕಾಲು ತಾನ ಎತ್ತತೈತಿ. ಪ್ಲೇಟ್ ಉಳೀತಂದ್ರ ಬಂದ ಚಪ್ಪಲಿ ಒಯ್ರಿ." ನೂರಾರು ರೂಪಾಯಿಯ ಹೊಸ ಕೊಲ್ಹಾಪುರಿ ಚಪ್ಪಲಿ ಅದು. ಆ ಮನುಷ್ಯ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ನನ್ನ ಅಂಗಡಿಗೆ ಬಂದು, "ಈ ಮುದುಕಗ ತಲಿ ನೆಟ್ಟಗ ಐತೇನ್ರಿ ಅಕ್ಕಾರ?" ಎಂದು ಕೇಳಿದ. ತಿಂಗಳು ಕಳೆದ ಮೇಲೆ ಪೇಢೆ ತಂದು ಚಪ್ಪಲಿ ಬಿಡಿಸಿಕೊಂಡು ಹೋದ. ಅಂದಿನಿಂದ ಅದು ರೂಢಿಯೇ ಆಯಿತು. ನನ್ನ ಗಂಡನ ಎಡಗಾಲಿನ ಚಪ್ಪಲಿಯೂ ಒಂದು ತಿಂಗಳು ಆ ಗೋಡೆಯ ಮೇಲಿತ್ತು.

ಅವರ ಕಿವಿ ಹೋದದ್ದು ಇಚಲಕರಂಜಿಯಲ್ಲಿ. ರಾಯಬಾಗದ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಬಂದ ಮನೆತನ. ಇವರೂ ಮೀಸೆ ಮೂಡುವ ಮೊದಲೇ ಪಾವರ್‌ಲೂಮಿನ ಶೆಡ್ಡು ಸೇರಿ ಹದಿನೈದು ವರ್ಷ ಆ ಗದ್ದಲದಲ್ಲಿ ನಿಂತರು. ಕಿವಿ ಪೂರಾ ಕೈಬಿಟ್ಟ ಮೇಲೆ ಲಾರಿಯ ಕೆಲಸ ಕಲಿತರು. "ಕಿವಿಗೆ ಕೇಳಸೂದಿಲ್ಲ ಅಷ್ಟ, ಶಾಂತವ್ವ. ಎಲುಬಿಗೆ ಇನ್ನೂ ಕೇಳಸ್ತೈತಿ" ಎನ್ನುತ್ತಿದ್ದರು. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಂತೆ. ಅಲ್ಲಿಯ ಮಂದಿ ತುಟಿ ನೋಡಿ ಮಾತಾಡುತ್ತಾರೆ, ಈ ತುದಿಯ ಮಗ್ಗದವ ಆ ತುದಿಯವನಿಗೆ ದನಿ ಎತ್ತದೆ ಚೇಷ್ಟೆ ಮಾಡುತ್ತಾನೆ. ಆ ವಿದ್ಯೆ ಕಾಕಾನ ಕಣ್ಣಿನಲ್ಲಿ ಉಳಿದಿತ್ತು. ಕೊರೋನಾದ ಕಾಲದಲ್ಲಿ ಎಲ್ಲರೂ ಬಾಯಿಗೆ ಮಾಸ್ಕ್ ಕಟ್ಟಿಕೊಂಡಾಗ ಮಾತ್ರ ನಿಜವಾಗಿ ಕಿವುಡರಾದರು. ಎಣ್ಣೆಯ ಬೆರಳಿನಿಂದ ಡ್ರೈವರುಗಳ ಮಾಸ್ಕ್ ಎಳೆದು ಎಳೆದು ಬೈಸಿಕೊಂಡರು.

ಒಮ್ಮೆ ಜಯಸಿಂಗಪುರದ ಒಬ್ಬ ಲಾರಿ ಮಾಲಕ ನನ್ನ ಅಂಗಡಿಯಲ್ಲಿ ನಿಂತು ತನ್ನ ಡ್ರೈವರಿಗೆ ಮರಾಠಿಯಲ್ಲಿ ಮೆಲ್ಲಗೆ ಹೇಳುತ್ತಿದ್ದ: ಈ ಕಿವುಡನ ಕೈಗೆ ಕೊಟ್ಟರೆ ಗಾಡಿ ಕೆಡುತ್ತದೆ, ಕೊಲ್ಹಾಪುರಕ್ಕೇ ಹೋಗೋಣ. ರಸ್ತೆಯ ಆಚೆ ಕಾಕಾ ಕೂತಲ್ಲಿಂದ ಏಳದೆ ಕೂಗಿದರು. "ಹೋಗ್ರಿ ಸಾವ್ಕಾರ, ಯಾರ ಬ್ಯಾಡಂದಾರ? ಖರೆ ನಿಮ್ಮ ಗಾಡಿ ನಿಪ್ಪಾಣಿ ದಾಟೂದಿಲ್ಲ. ಪ್ಲೇಟ್ ಸುಟ್ಟ ವಾಸನಿ ಇಲ್ಲೀತನಾ ಬಂದೈತಿ." ಮಾಲಕನ ಕೈಯ ಚಹಾ ಅಂಗಿಯ ಮೇಲೆ ಚೆಲ್ಲಿತು. ಕಾಕಾ ಎದ್ದು ಬಂದು ಡ್ರೈವರಿಗೆ ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ ನಿಧಾನ ಬಿಡಲು ಹೇಳಿದರು. ಇಂಜಿನ್ ಏನೂ ಆಗದಂತೆ ಗುರುಗುಡುತ್ತಲೇ ಇತ್ತು. "ನೋಡ್ರಿ, ಇಂಜಿನ್ ಸಾಯಬೇಕಿತ್ತು. ಅದು ಸಾಯವಲ್ದು ಅಂದ್ರ ಪ್ಲೇಟ್ ಸತ್ತೈತಿ" ಅಂದರು. ಮಾಲಕ ಗಾಡಿ ಒಳಗೆ ಬಿಡಿಸಿದ.

ಗೇರಿನ ತಕರಾರು ಹೊತ್ತು ಬಂದವರಿಗೆ ಅವರು ಮೊದಲು ಕೇಳುವ ಪ್ರಶ್ನೆ ಒಂದೇ: "ಬೀಳವಲ್ದೋ, ಬಿದ್ದದ್ದು ನಿಲ್ಲವಲ್ದೋ?" ಗೇರ್ ಬೀಳುತ್ತಿಲ್ಲ ಎಂದರೆ ಇಂಜಿನ್ ಬಂದ್ ಮಾಡಿಸಿ ಹಾಕಿಸುತ್ತಿದ್ದರು. ಬಂದ್ ಇದ್ದಾಗ ಸಲೀಸಾಗಿ ಬಿದ್ದರೆ ಕ್ಲಚ್ ಪೂರಾ ಬಿಡುತ್ತಿಲ್ಲವೆಂದು ಲೆಕ್ಕ. ಆಗಲೂ ಬೀಳದಿದ್ದರೆ ದೋಷ ಒಳಗಿದೆ. ಬಿದ್ದದ್ದು ನಿಲ್ಲುವುದಿಲ್ಲ ಎಂದವರೊಡನೆ ಮಾತ್ರ ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಗೇರ್ ಹಾಕುವ ಸಲಾಕೆಯ ಕೆಳಗೆ ಒಂದು ಉಕ್ಕಿನ ಗೋಲಿ, ಅದರ ಕೆಳಗೆ ಬೆರಳಿನ ಗೆಣ್ಣಿನಷ್ಟು ಸಣ್ಣ ಸ್ಪ್ರಿಂಗು. ಸ್ಪ್ರಿಂಗು ಗೋಲಿಯನ್ನು ಒತ್ತಿ ಹಿಡಿದರೆ ಗೇರ್ ನಿಲ್ಲುತ್ತದೆ. ಸ್ಪ್ರಿಂಗು ಸೋತರೆ ಇಳಿಜಾರಿನಲ್ಲಿ ಗೇರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಈ ಭಾಗದ ಮಿಸ್ತ್ರಿಗಳು ಸೋತ ಸ್ಪ್ರಿಂಗನ್ನು ಇಕ್ಕಳದಿಂದ ಎಳೆದು ಉದ್ದ ಮಾಡಿ ಮತ್ತೆ ಕೂಡಿಸುತ್ತಾರೆ. ಕಾಕಾ ಅಂಥವರ ಹೆಸರು ಹಿಡಿದು ಬೈಯುತ್ತಿದ್ದರು. "ಎಳದ ಸ್ಪ್ರಿಂಗ್ ಬಿಸಿ ಆತಂದ್ರ ಮತ್ತ ಕುಗ್ಗಿ ಕೂಡತೈತಿ. ಮುದುಕನ್ನ ಎಬ್ಬಿಸಿ ನಿಲ್ಲಿಸಿದಂಗ ಅದು."

ನನ್ನ ಗಂಡ ಹರೆಯದಲ್ಲಿ ಡೀಸೆಲ್ ಉಳಿಸಲು ಘಾಟಿನಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ ಇಳಿಸುತ್ತಿದ್ದವನು. ಉಳಿದ ಡೀಸೆಲ್ ಮಾರಿದ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಡ್ರೈವರುಗಳ ಹೆಂಡಂದಿರಿಗೆ ಹೇಳಬೇಕಾಗಿಲ್ಲ. ಮದುವೆಯಾದ ಹೊಸದರಲ್ಲಿ ಅದನ್ನು ದೊಡ್ಡಸ್ತಿಕೆಯಿಂದ ನನ್ನ ಮುಂದೆ ಹೇಳಿದ್ದ. ಆ ಚಟ ಬಿಡಿಸಿದವರು ದುಂಡಪ್ಪ ಕಾಕಾ. ಚಪ್ಪಲಿ ಕಿತ್ತುಕೊಂಡ ದಿನವೇ ನನ್ನೆದುರಿಗೆ ನಿಲ್ಲಿಸಿ ಬೈದರು. "ಗೇರಿನ್ಯಾಗ ಇಳಸೂದಂದ್ರ ಗಾಡಿ ಕೈ ಹಿಡಕೊಂಡ ಇಳಸೂದೋ ಮಾದೇವ. ನೀ ಕೈ ಬಿಟ್ಟ ಇಳಸ್ತಿ. ಈ ಹೆಂಗಸಿನ ಮುಖಾ ಒಮ್ಮಿ ನೋಡಲಾ." ಅಂದಿನಿಂದ ಅವನು ಎಡಗಾಲಿನ ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟೇ ಗಾಡಿ ಓಡಿಸುತ್ತಿದ್ದ. ಕಾಕಾನಿಗೂ ಅವನ ಮೇಲೆ ಸ್ವಂತ ಮಗನಂಥ ಜೀವ. ಅವರ ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಇಚಲಕರಂಜಿಯಲ್ಲಿ ಗಂಡನ ಮನೆಯಲ್ಲಿದ್ದಳು. ಹಬ್ಬದ ಊಟ ನಮ್ಮಲ್ಲಿಯೇ ಆಗುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಮಹಾದೇವ ಗಾಡಿ ತಂದು ನಿಲ್ಲಿಸಿದ. ಮೂರನೆಯ ಗೇರ್ ಬಿದ್ದದ್ದು ನಿಲ್ಲುತ್ತಿಲ್ಲ. ಕಾಕಾ ಮೇಲಿನ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ತೆಗೆದು ನೋಡಿ, "ಸೋಮವಾರ ಕೊಲ್ಹಾಪುರಕ್ಕ ಹೋಗಿ ಹೊಸಾದ ತರ್ತೇನಿ, ಅಲ್ಲೀತನಾ ಗಾಡಿ ಹಂದಸಬ್ಯಾಡ" ಅಂದರು. ಆದರೆ ಮಂಗಳವಾರ ನಮ್ಮ ಮಗಳು ರೇಖಾಳ ಸಾಖರಪುಡಾ, ಅಂದರೆ ನಿಶ್ಚಯ. ಗೋವಾಕ್ಕೆ ಹೋಗಬೇಕಾದ ಸಕ್ಕರೆಯ ಲೋಡು ಭಾನುವಾರ ತುಂಬಿ ಸೋಮವಾರ ಖಾಲಿ ಮಾಡಿದರೆ ಮಾತ್ರ ಅವನು ಮಗಳ ಕಾರ್ಯಕ್ಕೆ ಮುಟ್ಟುತ್ತಿದ್ದ. ಗಾಡಿ ನಿಂತರೆ ಮಾಲಕ ಬೇರೆ ಗಾಡಿ ಕೊಟ್ಟು ಬೇರೆ ಕಡೆ ಕಳಿಸುತ್ತಾನೆ, ಮಂಗಳವಾರ ಎಲ್ಲಿರುತ್ತೇನೋ ಗೊತ್ತಿಲ್ಲ ಎಂದು ಕೈ ಮುಗಿದು ಗೋಗರೆದ. ನಾನೂ ಚಹಾ ಕೊಡುತ್ತ, "ಏನರೆ ಮಾಡಿ ಕಳಸ್ರಿ ಕಾಕಾ, ಅಪ್ಪ ಇಲ್ದ ಹೆಂಗ ಕಾರ್ಯ ಮಾಡೂದು?" ಅಂದೆ. ಕಾಕಾ ಆ ಸ್ಪ್ರಿಂಗನ್ನು ಅಂಗೈಯಲ್ಲಿ ತಿರುವಿ ತಿರುವಿ ನೋಡಿದರು. ಆಮೇಲೆ ಇಕ್ಕಳ ಎತ್ತಿಕೊಂಡರು. ಜನ್ಮದಲ್ಲಿ ಯಾರ ಗಾಡಿಗೂ ಮಾಡದ ಕೆಲಸವನ್ನು ಅವನ ಗಾಡಿಗೆ, ಅವನ ಮೇಲಿನ ಪ್ರೀತಿಗೆ ಮಾಡಿದರು. ಅವರು ಸ್ಪ್ರಿಂಗ್ ಎಳೆಯುವುದನ್ನು ನಾನು ನೋಡಲಿಲ್ಲ, ಒಲೆಯ ಕಡೆ ತಿರುಗಿದ್ದೆ.

ಸೋಮವಾರ ಬೆಳಗ್ಗೆ ಆಂಬೋಲಿ ಘಾಟಿನ ಇಳಿಜಾರಿನಲ್ಲಿ ಲಾರಿ ಕಂದಕಕ್ಕೆ ಬಿತ್ತು. ಮಹಾದೇವ ಒಬ್ಬನೇ ಇದ್ದ, ಅಲ್ಲಿಯೇ ಹೋದ. ಅದೇ ಹೊತ್ತಿನಲ್ಲಿ ಕಾಕಾ ಕೊಲ್ಹಾಪುರದ ಅಂಗಡಿಯಲ್ಲಿ ನಿಂತು ಹೊಸ ಸ್ಪ್ರಿಂಗ್ ಕೊಳ್ಳುತ್ತಿದ್ದರು. ಮಧ್ಯಾಹ್ನ ಬಸ್ಸಿನಿಂದ ಇಳಿದವರು ನನ್ನ ಅಂಗಡಿಯ ಮುಂದಿನ ಗುಂಪು ನೋಡಿದರು. ಯಾರೂ ಅವರಿಗೆ ಹೇಳಬೇಕಾಗಲಿಲ್ಲ, ಅಷ್ಟು ತುಟಿಗಳು ಅದನ್ನೇ ಹೇಳುತ್ತಿದ್ದವು.

ಪಂಚನಾಮೆಯಲ್ಲಿ ಗೇರ್ ನ್ಯೂಟ್ರಲ್ಲಿನಲ್ಲಿತ್ತು ಎಂದು ಬರೆದರು. ಇಳಿಜಾರು, ತುಂಬಿದ ಗಾಡಿ, ನ್ಯೂಟ್ರಲ್. ಅಷ್ಟು ಸಾಕಾಯಿತು. ಡೀಸೆಲ್ ಕಳ್ಳ, ತನ್ನ ದುರಾಸೆಗೆ ತಾನೇ ಸತ್ತ ಎಂದು ಊರೆಲ್ಲ ಮಾತು. ಬೀಗರು ಕೂಡ ಸಾಖರಪುಡಾದ ಮಾತೆತ್ತುವುದನ್ನು ಬಿಟ್ಟರು. ಪೊಲೀಸರು ಅವನ ವಸ್ತುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಅದರಲ್ಲಿ ಬಲಗಾಲಿನ ಚಪ್ಪಲಿ ಹರಿದು ರಕ್ತ ಹತ್ತಿತ್ತು. ಎಡಗಾಲಿನದು ಚೊಕ್ಕ ಇತ್ತು, ಸೀಟಿನ ಕೆಳಗೆ ಸಿಕ್ಕಿತೆಂದರು. ಕಾಕಾನ ಮಾತು ಹಿಡಿದು ಎಡಗಾಲು ಬರಿಗಾಲಿಟ್ಟೇ ಓಡಿಸುತ್ತಿದ್ದವನು ಗಾಡಿಯನ್ನು ಸುಮ್ಮನೆ ಉರುಳಲು ಬಿಟ್ಟಿದ್ದನೇ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹದಿನೈದು ದಿನ ಕಳೆದು ಅಂಗಡಿ ತೆರೆದೆ. ಮೈದುನ ಬಂದು ನಿಂತು, "ವೈನಿ, ಮಂದಿ ಹೇಳೂದು ಖರೆ ಅನಸ್ತೈತೇನ ನಿಮಗ?" ಎಂದು ಕೇಳಿದ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಉತ್ತರ ಕೊಟ್ಟೆ: "ನ್ಯೂಟ್ರಲ್ ಹಾಕಿರಬೇಕ. ಮೊದಲಿನ ಚಟಾ ಎಲ್ಲಿ ಹೋಗತೈತಿ?"

ಮರುದಿನ ಕಾಕಾ ಗ್ಯಾರೇಜು ಮುಚ್ಚಿ ಎಲ್ಲಿಗೋ ಹೋದರು. ಅದರ ಮರುದಿನ ನೇರ ನನ್ನ ಅಂಗಡಿಗೆ ಬಂದರು. ಮೂವರು ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಕಾಕಾ ತಲೆಯ ಟೋಪಿ ತೆಗೆದು ಅಂಗೈ ತೆರೆದರು. ಅದರಲ್ಲಿ ಎರಡು ಸ್ಪ್ರಿಂಗು, ಒಂದು ಹೊಸದು, ಒಂದು ಕುಗ್ಗಿ ಕೂತದ್ದು.

"ಶಾಂತವ್ವ, ಮಾದೇವ ನ್ಯೂಟ್ರಲ್ ಹಾಕಿಲ್ಲ. ಗೇರ್ ತಾನ ಹಾರೈತಿ. ಮಾಲಕಗ ಕೇಳಿ ನಿನ್ನಿ ಹೋಗಿ ಗೇರ್‌ಬಾಕ್ಸ್ ತಗದ ನೋಡೇನಿ. ಮೂರನೇ ಗೇರಿನ ಸಲಾಕಿ ಒಂದ ಬೆರಳಿಲೆ ದೂಡಿದ್ರ ಜರಗತೈತಿ. ಇದು ನಾ ಎಳದ ಕೂಡ್ಸಿದ ಸ್ಪ್ರಿಂಗು. ಅಂವಾ ಮತ್ತ ಗೇರ್ ಹಾಕಾಕ ನೋಡ್ಯಾನ, ಅಷ್ಟ ಓಟದಾಗ ಅದು ಬಿದ್ದಿಲ್ಲ. ಬ್ರೇಕ್ ಸುಟ್ಟ ಹೋಗ್ಯಾವ. ಕೊಂದಾಂವ ನಾ."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳುವುದಕ್ಕಲ್ಲ, ಬೈಯುವುದಕ್ಕೆ. ನಿನ್ನ ಕೈ ಸೇದಿ ಹೋಗಲಿ, ನಿನ್ನ ಹೆಣಕ್ಕೆ ಹೆಗಲು ಸಿಗದಿರಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಡ್ರೈವರುಗಳಿಗೆ ಕೇಳಿತು, ರಸ್ತೆಯವರಿಗೆ ಕೇಳಿತು, ಅವರೊಬ್ಬರಿಗೆ ಕೇಳಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. "ಸೆರಗ ತಗಿ ಶಾಂತವ್ವ. ಏನ ಬೈತಿ ಅದು ನನಗ ಕಾಣ್ಲಿ" ಅಂದರು. ನಾನು ತೆಗೆಯಲಿಲ್ಲ. ಬೈಗುಳವನ್ನು ಕೂಡ ಅವರಿಗೆ ಕೊಡಬಾರದೆಂಬ ಸಿಟ್ಟು ಅದು.

ಅಲ್ಲಿಂದ ಅವರು ಪೊಲೀಸ್ ಠಾಣೆಗೆ ಹೋದರು. ಹಿಂದೆಯೇ ಹೋದ ಮೈದುನ ಬಂದು ಹೇಳಿದ. ಅಲ್ಲಿಯ ಹವಾಲದಾರ, ಅಜ್ಜ, ಕೇಸು ಮುಗಿದಿದೆ, ಇದನ್ನೇಕೆ ಕೊರಳಿಗೆ ಕಟ್ಟಿಕೊಳ್ಳುತ್ತೀ, ಮನೆಗೆ ಹೋಗು ಎಂದನಂತೆ. ಕಾಕಾ ಬೆಂಚಿನಿಂದ ಏಳಲಿಲ್ಲ. "ಚೂಕ್ ಮಾಝೀ ಆಹೆ, ಸಾಹೇಬ. ಲಿಹಾ" ಎಂದು, ತಪ್ಪು ನನ್ನದು, ಬರೆದುಕೊಳ್ಳಿ ಎಂದು, ಸಂಜೆಯವರೆಗೆ ಅದೊಂದೇ ಮಾತು. ಕೊನೆಗೆ ಬರೆದುಕೊಂಡರು. ಮುಂದೆ ಆ ಕಾಗದ ಏನಾಯಿತೋ ನನಗೆ ತಿಳಿಯದು. ಆದರೆ ಊರಿನ ಬಾಯಿ ಬಂದಾಯಿತು. ಬೀಗರು ತಿರುಗಿ ಬಂದರು. ವರ್ಷ ಕಳೆದು ರೇಖಾಳ ಮದುವೆ ಸಣ್ಣದಾಗಿ ಆಯಿತು.

ಕಾಕಾನ ಗ್ಯಾರೇಜಿಗೆ ಗಾಡಿಗಳು ಬರುವುದು ನಿಂತಿತು. ತಾನೇ ಎಳೆದ ಸ್ಪ್ರಿಂಗಿನ ಕಥೆಯನ್ನು ತಾನೇ ಸಾರಿದ ಮಿಸ್ತ್ರಿಯ ಹತ್ತಿರ ಯಾರು ಬರುತ್ತಾರೆ? ಎಳೆಯುವ ಬೇರೆ ಮಿಸ್ತ್ರಿಗಳು ಸುಮ್ಮನಿದ್ದು ಉಂಡರು. ನಾನು ಚಹಾ ಕಳಿಸುವುದನ್ನು ಬಿಟ್ಟಿದ್ದೆ. ಅವರೂ ಕೇಳಲಿಲ್ಲ. ಒಂದು ದಿನ ಬೆಳಗ್ಗೆ ನಾನು ಅಂಗಡಿಗೆ ಬಂದಾಗ ನನ್ನ ಬೆಂಚಿನ ಮೇಲೆ ಆ ಜಾಲಿ ಕೋಲು ಇತ್ತು. ಆಚೆಗೆ ಶಟರ್ ಇಳಿದಿತ್ತು. ಮಗಳ ಮನೆಗೆ ಹೋದರೆಂದು ಯಾರೋ ಹೇಳಿದರು. ಕೋಲನ್ನು ಒಲೆಗೆ ಹಾಕಬೇಕೆಂದು ಎರಡು ಸಲ ಎತ್ತಿಕೊಂಡೆ, ಹಾಕಲಿಲ್ಲ.

ಮೂರು ವರ್ಷಗಳ ಮೇಲೆ ಆ ಕೋಲು ಹಿಡಿದುಕೊಂಡು ಇಚಲಕರಂಜಿಗೆ ಹೋದೆ. ಕೋಲು ಕೊಡುವುದು ಬರೀ ನೆಪ. ಅವರು ಒಂದು ಪಾವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ವಾಚಮನ್ ಆಗಿ ಸ್ಟೂಲಿನ ಮೇಲೆ ಕೂತಿದ್ದರು. ಇನ್ನಷ್ಟು ಒಣಗಿದ್ದರು, ಕೆಮ್ಮುತ್ತಿದ್ದರು. ಒಳಗೆ ಮಗ್ಗಗಳ ಗದ್ದಲ ಎಷ್ಟಿತ್ತೆಂದರೆ ನನ್ನ ಉಸಿರು ನನಗೆ ಕೇಳುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತರು. ನಾನು ಸೆರಗನ್ನು ಮುಖದಿಂದ ಹಿಂದಕ್ಕೆ ಸರಿಸಿ, ಅವರ ಎದುರಿಗೆ ನಿಂತೆ. ಮೂರು ವರ್ಷ ನನ್ನನ್ನು ತಿಂದ ಮಾತನ್ನು ದನಿ ಇಲ್ಲದೆ, ಬರೀ ತುಟಿಯಿಂದ ಹೇಳಿದೆ.

"ಕಾಕಾ, ನಾನೂ ನಂಬಿದ್ದೆ. ನಮ್ಮ ಮನಷ್ಯಾನ ನ್ಯೂಟ್ರಲ್ ಹಾಕ್ಯಾನ ಅಂತ ನಾನೂ ನಂಬಿದ್ದೆ. ನೀವಷ್ಟ ನಂಬಲಿಲ್ಲ."

ಅವರು ತಲೆ ಆಡಿಸಿದರು. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು.

"ಗೊತ್ತೈತಿ. ಮೈದುನನ ಮುಂದ ಹೇಳಿದಿ. ನಾ ಆ ಕಡೆ ಕುಂತಿದ್ದೆ, ಕಂಡ್ನಿ. ಅಂವಾ ಸತ್ತ ದಿನಾನ ನನಗ ತಿಳದಿತ್ತ ಶಾಂತವ್ವ, ಸ್ಪ್ರಿಂಗ್ ಕುಂತೈತಿ ಅಂತ. ಅಂಜಿ ಹದಿನೈದ ದಿನಾ ಸುಮ್ಮ ಇದ್ದೆ. ಮಂದಿ ಏನಂದ್ರೂ ಸುಮ್ಮ ಇರ್ತಿದ್ನೋ ಏನೋ. ನೀ ಅಂದಿದ್ದ ಕಂಡ ಮ್ಯಾಲ ಆಗಲಿಲ್ಲ."

ನಾನು ಕೋಲು ಚಾಚಿದೆ. ಅವರು ಅದನ್ನು ಮುಟ್ಟಿ ನೋಡಿ, ತಿರುಗಿ ನನ್ನ ಕೈಯಲ್ಲೇ ಇಟ್ಟರು. ಪಕ್ಕದ ಗಾಡಿಯಿಂದ ಚಹಾ ತರಿಸಿದರು. ಇಬ್ಬರೂ ಆ ಗದ್ದಲದಲ್ಲಿ ನಿಂತು ಕುಡಿದೆವು. ಆ ವರ್ಷವೇ ಮಳೆಗಾಲದಲ್ಲಿ ಅವರು ಹೋದರು. ಮಗಳು ಫೋನ್ ಮಾಡುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಈಗಲೂ ಅಂಗಡಿಯಲ್ಲಿ ಯಾರೊಡನೆಯಾದರೂ ಮತ್ತೊಬ್ಬರ ಬಗ್ಗೆ ಮೆಲ್ಲಗೆ ಮಾತಾಡಲು ಬಾಯಿ ತೆರೆದರೆ, ನನಗರಿವಿಲ್ಲದೆ ಒಮ್ಮೆ ರಸ್ತೆಯ ಆಚೆ ನೋಡುತ್ತೇನೆ. ಅಲ್ಲಿ ಶಟರ್ ಮುಚ್ಚಿದೆ. ಆದರೂ ಮಾತು ನಿಲ್ಲಿಸುತ್ತೇನೆ.